ಮಗುವಿನ ಜ್ವರ, ಉಣ್ಣಿಯ ಕಡಿತ ಮತ್ತು ಬೆನ್ನಿನ ನೀರಿನ ಪರೀಕ್ಷೆ



ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಾಡಂಚಿನ ಊರುಗಳವರಿಗೆ ಉಣ್ಣಿ ಹೊಸದಲ್ಲ. ದನದ ಕಿವಿಯ ಸಂದಿಯಲ್ಲಿ, ಗಂಗೆದೊಗಲಿನ ಮಡಿಕೆಯಲ್ಲಿ, ನಾಯಿಯ ಕಾಲ್ಬೆರಳುಗಳ ನಡುವೆ ಅದು ಕಚ್ಚಿಕೊಂಡಿರುವುದನ್ನು ದಿನವೂ ಕಾಣುತ್ತೇವೆ. ಮಲೆನಾಡಿನವರು ಉಣುಗು ಎನ್ನುವುದೂ ಇದನ್ನೇ. ದನ ಮೇಯಿಸಲು ಹೋದ ಹುಡುಗನ ತೊಡೆಯ ಸಂದಿಯಲ್ಲೋ, ಹೂ ಬಿಡಿಸಲು ತಾಯಿಯ ಜೊತೆ ಹೊಲಕ್ಕೆ ಹೋದ ಮಗಳ ತಲೆಗೂದಲಿನಲ್ಲೋ ಉಣ್ಣಿಯೊಂದು ಸಿಕ್ಕರೆ ಕಿತ್ತೆಸೆದು ಮರೆಯುತ್ತೇವೆ. ಹಾಗೆ ಮರೆತರೆ ಬಹುಪಾಲು ಏನೂ ಆಗುವುದಿಲ್ಲ. ಆದರೆ ಕೆಲವು ವಾರಗಳು ಕಳೆದ ಮೇಲೆ ಅದೇ ಮಗುವಿಗೆ ಜ್ವರ ಬಂದು, ತಲೆನೋವು ಬಿಡದೆ, ಕತ್ತು ಬಿಗಿದು, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ಮನೆಯವರು ಮರೆತ ಆ ಉಣ್ಣಿಯೇ ವೈದ್ಯರಿಗೆ ಬೇಕಾದ ಸುಳಿವಾಗಬಹುದು.

ಉಣ್ಣಿಯಿಂದ ಬರುವ ಲೈಮ್ ಎಂಬ ರೋಗ ಮಕ್ಕಳ ಮಿದುಳುಪೊರೆಗೆ ತಗಲಿದರೆ ಅದನ್ನು ಯಾವ ಯಾವ ಪರೀಕ್ಷೆಗಳಿಂದ ಗುರುತಿಸುತ್ತಾರೆ, ಆ ಪರೀಕ್ಷೆಗಳ ಬಲವೆಷ್ಟು, ಮಿತಿಯೆಷ್ಟು ಎಂಬುದು ಈ ತಿಂಗಳ ವಿಚಾರ. ಇದು ದೂರದೇಶದ ರೋಗವಲ್ಲವೇ, ನಮಗೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಬಂಡೀಪುರದಲ್ಲಿಯೇ ಇದೆ.

ಮಿದುಳುಪೊರೆಯ ಉರಿಯೂತ

ನಮ್ಮ ಮಿದುಳು ಮತ್ತು ಬೆನ್ನುಹುರಿಯನ್ನು ಮೂರು ತೆಳುವಾದ ಪೊರೆಗಳು ಸುತ್ತಿಕೊಂಡಿವೆ. ಅವುಗಳ ನಡುವೆ ತಿಳಿನೀರಿನಂತಹ ದ್ರವವೊಂದು ಸದಾ ಹರಿದಾಡುತ್ತಿರುತ್ತದೆ. ರೋಗಾಣುಗಳು ಈ ಪೊರೆಗಳನ್ನು ಹೊಕ್ಕು ಉರಿಯೂತವನ್ನು ಉಂಟುಮಾಡಿದರೆ ಅದೇ ಮೆನಿಂಜೈಟಿಸ್. ಜ್ವರ, ತೀವ್ರ ತಲೆನೋವು, ವಾಂತಿ, ಬೆಳಕನ್ನು ಸಹಿಸಲಾಗದಿರುವುದು, ಗದ್ದವನ್ನು ಎದೆಗೆ ತಾಗಿಸಲಾಗದಂತೆ ಕತ್ತು ಬಿಗಿಯುವುದು ಇದರ ಲಕ್ಷಣಗಳು. ಎಳೆಯ ಕೂಸುಗಳಲ್ಲಿ ಇವು ಸ್ಪಷ್ಟವಾಗಿ ಕಾಣುವುದಿಲ್ಲ. ಹಾಲು ಕುಡಿಯದಿರುವುದು, ಎತ್ತಿಕೊಂಡಷ್ಟೂ ಅಳುವುದು, ಮಂಕಾಗಿ ಮಲಗುವುದು, ನೆತ್ತಿಯ ಸುಳಿ ಉಬ್ಬುವುದು ಇಷ್ಟೇ ಕಂಡೀತು.

ಈ ಉರಿಯೂತಕ್ಕೆ ಕಾರಣ ಒಂದಲ್ಲ. ಬ್ಯಾಕ್ಟೀರಿಯಾಗಳಿಂದ ಬರುವುದು ಗಂಟೆಗಳ ಲೆಕ್ಕದಲ್ಲಿ ಮಗುವಿನ ಪ್ರಾಣವನ್ನೋ ಕಿವಿಯನ್ನೋ ತೆಗೆಯಬಲ್ಲದು. ಕ್ಷಯದಿಂದ ಬರುವುದು ವಾರಗಟ್ಟಲೆ ಹೊಂಚುಹಾಕಿ, ತಡವಾದಷ್ಟೂ ಹೆಚ್ಚು ಅಂಗವೈಕಲ್ಯವನ್ನು ಬಿಟ್ಟುಹೋಗುತ್ತದೆ. ವೈರಾಣುಗಳಿಂದ ಬರುವುದು ಅನೇಕ ವೇಳೆ ತಾನಾಗಿಯೇ ಶಮನವಾಗುತ್ತದೆ. ಲೈಮ್ ರೋಗದಿಂದ ಬರುವುದು ಸಾಮಾನ್ಯವಾಗಿ ಸೌಮ್ಯ. ಸರಿಯಾದ ಔಷಧಿ ಕೊಟ್ಟರೆ ಹೆಚ್ಚಿನ ಮಕ್ಕಳು ಪೂರ್ಣವಾಗಿ ಗುಣವಾಗುತ್ತಾರೆ. ಹೊರಗಿನಿಂದ ನೋಡಿದರೆ ಈ ನಾಲ್ಕೂ ಒಂದನ್ನೊಂದು ಹೋಲುತ್ತವೆ, ಆದರೆ ನಾಲ್ಕಕ್ಕೂ ಔಷಧಿ ಬೇರೆ. ಪ್ರಯೋಗಾಲಯದ ಅಗತ್ಯ ಬೀಳುವುದು ಇಲ್ಲಿಯೇ.

ಲೈಮ್ ಊರಿನ ತಾಯಂದಿರು

ಲೈಮ್ ಎಂಬುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಚಿಕ್ಕ ಊರು. ಅಲ್ಲಿಯೂ ಅಕ್ಕಪಕ್ಕದ ಊರುಗಳಲ್ಲಿಯೂ ಹಲವು ಮಕ್ಕಳಿಗೆ ಮಂಡಿ ಊದಿಕೊಂಡು ನೋಯುತ್ತಿತ್ತು. ವೈದ್ಯರು ಅದನ್ನು ಮಕ್ಕಳ ಸಂಧಿವಾತವೆಂದು ಕರೆದು ಸುಮ್ಮನಾಗಿದ್ದರು. ಪಾಲಿ ಮರ್ರೇ ಎಂಬ ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ತನ್ನ ಮನೆಯವರಿಗೆ ಬಂದ ಕಾಯಿಲೆಯನ್ನೂ ನೆರೆಹೊರೆಯವರಿಗೆ ಬಂದ ಕಾಯಿಲೆಯನ್ನೂ ಆಕೆ ಬರೆದಿಟ್ಟುಕೊಳ್ಳುತ್ತ ಬಂದಳು. ಇಷ್ಟೊಂದು ಮಕ್ಕಳಿಗೆ ಒಂದೇ ಕಡೆ ಸಂಧಿವಾತ ಬರುವುದು ಹೇಗೆ ಎಂದು ೧೯೭೫ರಲ್ಲಿ ಆರೋಗ್ಯ ಇಲಾಖೆಯನ್ನು ಕೇಳಿದಳು. ಇನ್ನೊಬ್ಬ ತಾಯಿಯೂ ಅದೇ ದೂರನ್ನು ಕೊಂಡೊಯ್ದಳು. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಮತ್ತು ಸಂಗಡಿಗರು ಶೋಧಕ್ಕಿಳಿದರು. ೧೯೭೭ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿದ್ದ ೫೧ ರೋಗಿಗಳಲ್ಲಿ ೩೯ ಮಂದಿ ಮಕ್ಕಳೇ ಆಗಿದ್ದರು. ಮುಂದೆ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣಿಯ ಹೊಟ್ಟೆಯಲ್ಲಿ ತಿರುಪಿನಾಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ೧೯೮೨ರಲ್ಲಿ ಆ ಶೋಧ ಪ್ರಕಟವಾಯಿತು. ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಸೇರಿಸಿ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದು ಕರೆದರು.

ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ತಾಯಿಯೊಬ್ಬಳ ಟಿಪ್ಪಣಿಯಲ್ಲಿ ರೋಗದ ಸುಳಿವು ಸಿಕ್ಕಿತ್ತು. ಮನೆಯವರು ದಿನ, ಸ್ಥಳ, ಲಕ್ಷಣಗಳನ್ನು ಗಮನಿಸಿ ಹೇಳಿದ ಮಾತು ಪರೀಕ್ಷೆಗೆ ಪೂರಕ ಮಾತ್ರವಲ್ಲ, ಪರೀಕ್ಷೆಗೆ ದಾರಿ ತೋರುವುದೇ ಅದು.

ನಮ್ಮ ಸೀಮೆಯ ಮಾತು

ಭಾರತದಲ್ಲಿ ಈ ರೋಗದ ಪ್ರಸ್ತಾಪ ಬಂದುದು ೧೯೯೦ರಲ್ಲಿ, ಶಿಮ್ಲಾದ ಒಬ್ಬ ಹುಡುಗನ ವಿಷಯವಾಗಿ. ಆನಂತರ ದೇಶದ ಬೇರೆ ಬೇರೆ ಕಡೆಗಳಿಂದ ಬಿಡಿ ಬಿಡಿಯಾಗಿ ವರದಿಗಳು ಬಂದವು. ನಮ್ಮ ಭಾಗಕ್ಕೆ ಮುಖ್ಯವಾದುದು ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳಲ್ಲಿ ದುಡಿಯುವವರನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಅಧ್ಯಯನ. ಬೆಂಗಳೂರಿನ ನೇತ್ರತಜ್ಞರು ಇದನ್ನು ನಡೆಸಿದರು, ಏಕೆಂದರೆ ಈ ರೋಗ ಕಣ್ಣಿನ ನರಕ್ಕೂ ತಗಲಬಲ್ಲದು. ಅರಣ್ಯದಲ್ಲಿ ಕೆಲಸ ಮಾಡುವ ವಯಸ್ಕರ ರಕ್ತವನ್ನು ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರ ರಕ್ತದಲ್ಲಿ ಬೊರೇಲಿಯಾ ವಿರುದ್ಧದ ಪ್ರತಿಕಾಯಗಳು ಕಂಡುಬಂದವು.

ಈ ಸಂಗತಿಯನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಐವರಲ್ಲಿ ಒಬ್ಬರು ರೋಗಿಗಳೆಂದು ಅದರ ಅರ್ಥವಲ್ಲ. ಪ್ರತಿಕಾಯ ಎಂದರೆ ಶರೀರ ಒಮ್ಮೆ ಶತ್ರುವನ್ನು ಕಂಡು ತಯಾರಿಸಿಟ್ಟುಕೊಂಡ ಆಯುಧ. ಯುದ್ಧ ಮುಗಿದು ವರ್ಷಗಳಾದರೂ ಆಯುಧ ಮನೆಯಲ್ಲಿ ಉಳಿದಿರಬಹುದು. ಬೇರೊಂದು ಶತ್ರುವಿಗಾಗಿ ಮಾಡಿದ ಆಯುಧ ಇದೇ ರೂಪದಲ್ಲಿಯೂ ಇರಬಹುದು. ಕಾಡಿನಲ್ಲಿ ಓಡಾಡುವವರಲ್ಲಿ ರೋಗವಿಲ್ಲದೆಯೂ ಇಷ್ಟು ಜನರಿಗೆ ಈ ಪರೀಕ್ಷೆ ಪಾಸಿಟಿವ್ ಬರುತ್ತದೆಯೆಂದರೆ, ಕಾಡಂಚಿನ ಮಗುವೊಂದಕ್ಕೆ ಜ್ವರ ಬಂದಾಗ ಬರೀ ರಕ್ತಪರೀಕ್ಷೆ ಪಾಸಿಟಿವ್ ಆದ ಮಾತ್ರಕ್ಕೆ ಆ ಜ್ವರಕ್ಕೆ ಲೈಮ್ ರೋಗವೇ ಕಾರಣವೆಂದು ತೀರ್ಮಾನಿಸುವಂತಿಲ್ಲ.

ಇದೇ ಕಾಡಿನಲ್ಲಿ ಉಣ್ಣಿ ಹೊತ್ತು ತರುವ ಇನ್ನೊಂದು ರೋಗವೂ ಇದೆ. ಅದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲು ಪತ್ತೆಯಾದ ಈ ರೋಗ ಬಹುಕಾಲ ಮಲೆನಾಡಿಗೇ ಸೀಮಿತವೆಂದು ತಿಳಿಯಲಾಗಿತ್ತು. ೨೦೧೨ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವುಗಳ ಕಳೇಬರವನ್ನು ವಿಲೇವಾರಿ ಮಾಡಿದವರು ಜ್ವರದಿಂದ ಮಲಗಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದು ಮಂಗನ ಕಾಯಿಲೆಯೇ ಎಂದು ಖಚಿತಪಡಿಸಿತು. ಈ ರೋಗದಲ್ಲಿ ಕೆಲವರಿಗೆ ಮೊದಲ ಜ್ವರ ಇಳಿದು, ಒಂದೆರಡು ವಾರ ಬಿಟ್ಟು, ಮತ್ತೆ ಜ್ವರವೇರಿ ಕತ್ತು ಬಿಗಿಯುವುದುಂಟು, ಕೈಕಾಲು ನಡುಗುವುದುಂಟು. ಆದುದರಿಂದ ನಮ್ಮ ಸೀಮೆಯಲ್ಲಿ ಉಣ್ಣಿ ಕಚ್ಚಿದ ಮಗುವಿಗೆ ಕತ್ತು ಬಿಗಿದರೆ ಲೈಮ್ ಒಂದನ್ನೇ ಯೋಚಿಸಿದರೆ ಸಾಲದು.

ಬೆನ್ನಿನ ನೀರು ತೆಗೆಯುವ ಭಯ

ಇಂತಹ ಮಗುವನ್ನು ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಕೇಳುವ ಅತಿ ಮುಖ್ಯವಾದ ಅನುಮತಿ ಬೆನ್ನಿನ ನೀರು ತೆಗೆಯುವುದಕ್ಕೆ. ನಮ್ಮ ಜನ ಹಿಂಜರಿಯುವುದೂ ಇಲ್ಲಿಯೇ. ಬೆನ್ನಿಗೆ ಸೂಜಿ ಹಾಕಿದರೆ ಮಗುವಿನ ಸೊಂಟ ಬಿದ್ದುಹೋಗುತ್ತದೆ, ನೀರು ತೆಗೆದರೆ ಮಿದುಳು ಒಣಗುತ್ತದೆ, ನೀರು ತೆಗೆಸಿಕೊಂಡ ಮಗು ಉಳಿಯುವುದಿಲ್ಲ ಎಂಬ ಮಾತುಗಳು ಆಸ್ಪತ್ರೆಯ ಪಡಸಾಲೆಯಲ್ಲಿಯೇ ಹರಡುತ್ತವೆ. ಅಜ್ಜಿ ಬೇಡವೆನ್ನುತ್ತಾಳೆ, ಸೋದರಮಾವ ಬರಲಿ ಎನ್ನುತ್ತಾರೆ, ಅಷ್ಟರಲ್ಲಿ ಒಂದು ದಿನ ಕಳೆಯುತ್ತದೆ.

ವಸ್ತುಸ್ಥಿತಿ ಹೀಗಿದೆ. ಬೆನ್ನುಹುರಿ ಬೆನ್ನೆಲುಬಿನ ಕೊನೆಯವರೆಗೂ ಇಳಿದಿರುವುದಿಲ್ಲ. ಸೊಂಟದ ಮೇಲ್ಭಾಗದಲ್ಲಿಯೇ ಅದು ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸೊಂಟದ ಮೂರನೆಯ ಮತ್ತು ನಾಲ್ಕನೆಯ ಅಥವಾ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ. ತೆಗೆಯುವುದು ಕೆಲವೇ ಮಿಲಿಲೀಟರ್, ಅಂದರೆ ಒಂದು ಚಮಚೆಯಷ್ಟೂ ಇಲ್ಲ. ಶರೀರ ಈ ದ್ರವವನ್ನು ಹಗಲಿರುಳೂ ಹೊಸದಾಗಿ ತಯಾರಿಸುತ್ತಿರುತ್ತದೆ. ದೊಡ್ಡವರಲ್ಲಿ ದಿನವೊಂದಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗುತ್ತದೆ. ತೆಗೆದ ನೀರು ಕೆಲವು ಗಂಟೆಗಳಲ್ಲಿ ಮರಳಿ ತುಂಬಿಕೊಳ್ಳುತ್ತದೆ. ಈ ವಿಧಾನವನ್ನು ಜರ್ಮನಿಯ ಕ್ವಿಂಕೆ ಎಂಬ ವೈದ್ಯರು ೧೮೯೧ರಲ್ಲಿ ವಿವರಿಸಿದರು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಲೋಕದಾದ್ಯಂತ ಮಕ್ಕಳಿಗೆ ಇದನ್ನು ಮಾಡುತ್ತ ಬಂದಿದ್ದಾರೆ. ಕೆಲವರಿಗೆ ಒಂದೆರಡು ದಿನ ತಲೆನೋವು, ಸೂಜಿ ಹಾಕಿದ ಕಡೆ ನೋವು ಇರುವುದುಂಟು. ಮಿದುಳಿನ ಒತ್ತಡ ಬಹಳ ಹೆಚ್ಚಿರುವ, ರಕ್ತ ಹೆಪ್ಪುಗಟ್ಟದ, ಅಥವಾ ಸ್ಥಿತಿ ತೀರ ಹದಗೆಟ್ಟ ಮಗುವಿಗೆ ವೈದ್ಯರೇ ಇದನ್ನು ಮುಂದೂಡಿ, ಮೊದಲು ಔಷಧಿ ಆರಂಭಿಸುತ್ತಾರೆ. ನೀರು ತೆಗೆಸಿಕೊಂಡ ಮಗು ತೀರಿಕೊಂಡರೆ ಅದಕ್ಕೆ ಕಾರಣ ರೋಗವೇ ಹೊರತು ನೀರು ತೆಗೆದುದಲ್ಲ. ತಡವಾಗಿ ತಂದ ಮಕ್ಕಳಲ್ಲಿ ಸಾವು ಹೆಚ್ಚು, ತಂದವರ ಕಣ್ಣಿಗೆ ಕಾಣುವುದು ಸೂಜಿ ಮಾತ್ರ.

ಆ ಹನಿಗಳು ಏನು ಹೇಳುತ್ತವೆ

ಆರೋಗ್ಯವಂತ ಮಗುವಿನ ಬೆನ್ನಿನ ನೀರು ತಿಳಿಯಾಗಿರುತ್ತದೆ. ಅದರಲ್ಲಿ ಬಿಳಿಯ ರಕ್ತಕಣಗಳು ಬೆರಳೆಣಿಕೆಯಷ್ಟು, ಸಕ್ಕರೆಯ ಅಂಶ ರಕ್ತದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು. ಬ್ಯಾಕ್ಟೀರಿಯಾದ ಉರಿಯೂತದಲ್ಲಿ ನೀರು ಕಲಕಿ, ನ್ಯೂಟ್ರೊಫಿಲ್ ಎಂಬ ಕಣಗಳು ಸಾವಿರಗಟ್ಟಲೆ ತುಂಬಿ, ಸಕ್ಕರೆ ತೀರ ಇಳಿಯುತ್ತದೆ. ಕ್ಷಯದಲ್ಲಿ ಲಿಂಫೊಸೈಟ್ ಎಂಬ ಬೇರೆ ಜಾತಿಯ ಕಣಗಳು ಹೆಚ್ಚಿ, ಸಕ್ಕರೆ ಇಳಿದು, ಪ್ರೋಟೀನ್ ಬಹಳ ಏರುತ್ತದೆ. ನೀರನ್ನು ಇಟ್ಟರೆ ಜೇಡರ ಬಲೆಯಂತಹ ಪೊರೆ ಕಟ್ಟುವುದೂ ಉಂಟು. ವೈರಾಣುವಿನಲ್ಲಿ ಲಿಂಫೊಸೈಟ್‌ಗಳು ಹೆಚ್ಚಿದರೂ ಸಕ್ಕರೆ ಸಾಮಾನ್ಯವಾಗಿಯೇ ಇರುತ್ತದೆ. ಲೈಮ್ ರೋಗದ ಚಿತ್ರವೂ ಹೆಚ್ಚುಕಡಿಮೆ ವೈರಾಣುವಿನದೇ: ಲಿಂಫೊಸೈಟ್‌ಗಳು ಪ್ರಧಾನ, ಸಕ್ಕರೆ ಸಾಮಾನ್ಯ, ಪ್ರೋಟೀನ್ ಕೊಂಚ ಹೆಚ್ಚು.

ಅಂದಮೇಲೆ ಬೆನ್ನಿನ ನೀರಿನ ಈ ಮೊದಲ ಪರೀಕ್ಷೆಯೇ ಪ್ರಾಣಾಪಾಯದ ಕಾರಣಗಳನ್ನು ಕಡಿಮೆ ಅಪಾಯದ ಕಾರಣಗಳಿಂದ ಬಹುಮಟ್ಟಿಗೆ ಬೇರ್ಪಡಿಸುತ್ತದೆ. ಇದಕ್ಕೆ ದೊಡ್ಡ ಯಂತ್ರಗಳು ಬೇಡ, ಸೂಕ್ಷ್ಮದರ್ಶಕ ಮತ್ತು ನುರಿತ ಕಣ್ಣು ಸಾಕು. ಆದರೆ ಕಣಗಳು ಹೊತ್ತು ಕಳೆದಂತೆ ಒಡೆದುಹೋಗುವುದರಿಂದ ಒಂದೆರಡು ಗಂಟೆಗಳ ಒಳಗೆ ಎಣಿಕೆ ಆಗಬೇಕು. ಬೆನ್ನಿನ ನೀರಿನ ಸಕ್ಕರೆಯನ್ನು ಹೋಲಿಸಲು ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ನೋಡುತ್ತಾರೆ. ಬೆನ್ನಿಗೂ ಸೂಜಿ, ಕೈಗೂ ಸೂಜಿ ಏಕೆ ಎಂದು ಕೋಪಿಸಿಕೊಳ್ಳುವವರು ಇದನ್ನು ಅರಿಯಬೇಕು. ಕ್ಷಯದ ಅನುಮಾನವಿದ್ದರೆ ನೀರಿನ ಒಂದು ಪಾಲು ಕ್ಷಯಾಣುವಿನ ವಂಶಧಾತುವನ್ನು ಹುಡುಕುವ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರ ಇಲ್ಲವೆಂದರೂ ಕ್ಷಯವಿಲ್ಲವೆಂದು ಖಾತ್ರಿಯಾಗದು. ವೈದ್ಯರು ಮಗುವಿನ ಸ್ಥಿತಿಯನ್ನೂ ಮನೆಯಲ್ಲಿ ಕ್ಷಯ ಬಂದವರಿದ್ದಾರೆಯೇ ಎಂಬುದನ್ನೂ ಸೇರಿಸಿ ನಿರ್ಧರಿಸುತ್ತಾರೆ.

ಲೈಮ್ ರೋಗದ ವಿಶೇಷ ಪರೀಕ್ಷೆ

ಲೈಮ್ ರೋಗಾಣುವನ್ನು ಬೆನ್ನಿನ ನೀರಿನಲ್ಲಿ ನೇರವಾಗಿ ಹಿಡಿಯುವುದು ಕಷ್ಟ. ಅದನ್ನು ಬೆಳೆಸಿ ನೋಡುವುದು ಬಹಳ ನಿಧಾನ. ವಂಶಧಾತುವನ್ನು ಹುಡುಕುವ ಪಿ.ಸಿ.ಆರ್. ಪರೀಕ್ಷೆಯೂ ರೋಗವಿದ್ದ ಅನೇಕ ಮಕ್ಕಳಲ್ಲಿ ಇಲ್ಲವೆಂದೇ ಹೇಳುತ್ತದೆ, ಏಕೆಂದರೆ ರೋಗಾಣುಗಳು ಆ ದ್ರವದಲ್ಲಿ ಇರುವುದೇ ಅತಿ ವಿರಳ. ಆದುದರಿಂದ ರೋಗಾಣುವಿನ ಬದಲು ಅದರ ಹೆಜ್ಜೆಗುರುತನ್ನು, ಅಂದರೆ ರಕ್ತದಲ್ಲಿನ ಪ್ರತಿಕಾಯಗಳನ್ನು ಹುಡುಕುತ್ತಾರೆ. ಅಮೆರಿಕದ ತಜ್ಞಸಂಘಗಳು ೨೦೨೦ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬೆನ್ನಿನ ನೀರಿನ ಪಿ.ಸಿ.ಆರ್.ಗಿಂತ ರಕ್ತದ ಪ್ರತಿಕಾಯ ಪರೀಕ್ಷೆಗೇ ಮೊದಲ ಸ್ಥಾನ ಕೊಟ್ಟಿದೆ.

ಈ ಪರೀಕ್ಷೆ ಎರಡು ಮೆಟ್ಟಿಲಿನದು. ಮೊದಲ ಮೆಟ್ಟಿಲು ಎಲೈಜಾ. ಅದು ಜಾಳಿನ ದೊಡ್ಡ ಕಣ್ಣಿನ ಬಲೆಯಂತೆ ಅಲ್ಲ, ಸಣ್ಣ ಕಣ್ಣಿನ ಬಲೆಯಂತೆ, ಬೇಕಾದುದನ್ನೂ ಬೇಡವಾದುದನ್ನೂ ಹಿಡಿಯುತ್ತದೆ. ಇಲಿಜ್ವರ, ಸಿಫಿಲಿಸ್ ಮುಂತಾದ ಬೇರೆ ರೋಗಗಳಿಂದಲೂ ಅದು ಪಾಸಿಟಿವ್ ಆಗಬಲ್ಲದು. ಎಲೈಜಾ ನೆಗೆಟಿವ್ ಆದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಪಾಸಿಟಿವ್ ಅಥವಾ ಸಂದಿಗ್ಧವಾದರೆ ಮಾತ್ರ ಎರಡನೆಯ ಮೆಟ್ಟಿಲಾದ ವೆಸ್ಟರ್ನ್ ಬ್ಲಾಟ್. ಅದರಲ್ಲಿ ರೋಗಾಣುವಿನ ಬೇರೆ ಬೇರೆ ಪ್ರೋಟೀನ್‌ಗಳನ್ನು ಪಟ್ಟೆಗಳಂತೆ ಬಿಡಿಸಿಟ್ಟು, ಮಗುವಿನ ರಕ್ತ ಎಷ್ಟು ಪಟ್ಟೆಗಳನ್ನು ಗುರುತಿಸುತ್ತದೆಂದು ನೋಡುತ್ತಾರೆ. ೧೯೯೫ರಿಂದ ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮದಂತೆ ಐಜಿಎಂ ಎಂಬ ಬಗೆಯಲ್ಲಿ ಮೂರರಲ್ಲಿ ಎರಡು ಪಟ್ಟೆಗಳೂ, ಐಜಿಜಿ ಎಂಬ ಬಗೆಯಲ್ಲಿ ಹತ್ತರಲ್ಲಿ ಐದು ಪಟ್ಟೆಗಳೂ ಕಂಡರೆ ಪಾಸಿಟಿವ್. ಐಜಿಎಂ ಫಲಿತಾಂಶಕ್ಕೆ ಬೆಲೆಯಿರುವುದು ರೋಗ ಆರಂಭವಾದ ಮೊದಲ ಮೂವತ್ತು ದಿನಗಳಲ್ಲಿ ಮಾತ್ರ. ೨೦೧೯ರಿಂದ ಅಲ್ಲಿ ಬ್ಲಾಟ್‌ನ ಬದಲು ಎರಡನೆಯ ಬೇರೊಂದು ಎಲೈಜಾವನ್ನು ಬಳಸುವುದಕ್ಕೂ ಒಪ್ಪಿಗೆಯಿದೆ. ಯುರೋಪಿನಲ್ಲಿ ಈ ರೋಗವನ್ನು ತರುವ ಬೊರೇಲಿಯಾ ತಳಿಗಳು ಬೇರೆ, ಹಾಗಾಗಿ ಅಲ್ಲಿನ ಅಳತೆಗಳೂ ಬೇರೆ. ಪರೀಕ್ಷೆಯ ಕಿಟ್ ಯಾವ ತಳಿಯನ್ನು ಆಧರಿಸಿದೆ ಎಂಬುದೂ ಫಲಿತಾಂಶವನ್ನು ಬದಲಿಸಬಲ್ಲದು.

ಪ್ರತಿಕಾಯಗಳು ತಯಾರಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ. ಉಣ್ಣಿ ಕಚ್ಚಿದ ಮೂರನೆಯ ದಿನವೇ ರಕ್ತಪರೀಕ್ಷೆ ಮಾಡಿಸಿ, ಇಲ್ಲವೆಂದು ಬಂದುದನ್ನು ನೋಡಿ ನಿಶ್ಚಿಂತರಾಗುವುದು ಬಿತ್ತಿದ ಮರುದಿನವೇ ಪೈರು ಹುಡುಕಿದಂತೆ. ಮಿದುಳುಪೊರೆಯ ಉರಿಯೂತ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕಡಿತದ ಕೆಲವು ವಾರಗಳ ಅನಂತರವಾದುದರಿಂದ ಅಷ್ಟು ಹೊತ್ತಿಗೆ ಹೆಚ್ಚಿನ ಮಕ್ಕಳ ರಕ್ತದಲ್ಲಿ ಪ್ರತಿಕಾಯ ಸಿಗುತ್ತದೆ. ಅನುಮಾನ ಉಳಿದರೆ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ರಕ್ತದಲ್ಲಿ ಪ್ರತಿಕಾಯವಿದ್ದರೆ ಅದು ಹಳೆಯದೋ ಈಗಿನ ಜ್ವರದ್ದೋ ಎಂಬುದೇ ನಮ್ಮ ಕಾಡಂಚಿನ ಮಕ್ಕಳ ವಿಷಯದಲ್ಲಿ ಏಳುವ ಪ್ರಶ್ನೆ. ಅದಕ್ಕೆ ಒಂದು ಉಪಾಯವುಂಟು. ಒಂದೇ ಹೊತ್ತಿನಲ್ಲಿ ತೆಗೆದ ರಕ್ತವನ್ನೂ ಬೆನ್ನಿನ ನೀರನ್ನೂ ಪಕ್ಕಪಕ್ಕದಲ್ಲಿಟ್ಟು ಎರಡರಲ್ಲಿನ ಪ್ರತಿಕಾಯದ ಪ್ರಮಾಣವನ್ನು ಅಳೆಯುತ್ತಾರೆ. ರಕ್ತದಿಂದ ಸೋರಿ ಬರಬಹುದಾದುದಕ್ಕಿಂತ ಹೆಚ್ಚು ಪ್ರತಿಕಾಯ ಬೆನ್ನಿನ ನೀರಿನಲ್ಲಿದ್ದರೆ, ಅದು ಮಿದುಳುಪೊರೆಗಳ ಒಳಗಡೆಯೇ ತಯಾರಾಗುತ್ತಿದೆ, ಅಂದರೆ ಕಾಳಗ ಅಲ್ಲಿಯೇ ನಡೆದಿದೆ ಎಂದು ತಿಳಿಯುತ್ತದೆ. ಇದನ್ನು ಪ್ರತಿಕಾಯ ಸೂಚ್ಯಂಕ ಎನ್ನುತ್ತಾರೆ. ಇದೂ ರೋಗ ವಾಸಿಯಾದ ಮೇಲೆ ಬಹುಕಾಲ ಉಳಿಯಬಲ್ಲದು. ಹಾಗಾಗಿ ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಪ್ರತಿಕಾಯ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುವುದು ವ್ಯರ್ಥ. ಮಗು ಆಡಿಕೊಂಡಿದೆಯೇ, ಊಟ ಮಾಡುತ್ತಿದೆಯೇ ಎಂಬುದೇ ಅಲ್ಲಿ ಅಳತೆಗೋಲು.

ಒಂದು ಲೆಕ್ಕ

ಪಾಸಿಟಿವ್ ಎಂದು ಬಂದ ಚೀಟಿಯನ್ನು ಏಕೆ ಅಷ್ಟು ಎಚ್ಚರದಿಂದ ಓದಬೇಕೆಂಬುದು ಒಂದು ಊಹೆಯ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಜ್ವರ ಮತ್ತು ತಲೆನೋವಿನ ೧,೦೦೦ ಮಕ್ಕಳಲ್ಲಿ ನಿಜವಾಗಿ ೨ ಮಕ್ಕಳಿಗೆ ಮಾತ್ರ ಲೈಮ್ ರೋಗವಿದೆಯೆಂದು ಇಟ್ಟುಕೊಳ್ಳೋಣ. ರೋಗವಿಲ್ಲದ ನೂರರಲ್ಲಿ ೫ ಮಂದಿಗೆ ತಪ್ಪಾಗಿ ಇದೆಯೆನ್ನುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ, ರೋಗವಿಲ್ಲದ ೯೯೮ ಮಕ್ಕಳಲ್ಲಿ ಸುಮಾರು ೫೦ ಮಕ್ಕಳಿಗೆ ಪಾಸಿಟಿವ್ ಬರುತ್ತದೆ. ನಿಜವಾದ ೨ ಸೇರಿ ೫೨ ಚೀಟಿಗಳು. ಅವುಗಳಲ್ಲಿ ೫೦ ಸುಳ್ಳು. ಅದೇ ಪರೀಕ್ಷೆಯನ್ನು ಉಣ್ಣಿ ಕಚ್ಚಿದ, ವಾರಗಟ್ಟಲೆ ತಲೆನೋವಿರುವ, ಬಾಯಿ ಸೊಟ್ಟಗಾದ, ಬೆನ್ನಿನ ನೀರಿನಲ್ಲಿ ಲಿಂಫೊಸೈಟ್ ಹೆಚ್ಚಿರುವ ಮಕ್ಕಳಿಗೆ ಮಾತ್ರ ಮಾಡಿದರೆ ಅದೇ ಚೀಟಿಗೆ ಬೇರೆಯೇ ತೂಕ ಬರುತ್ತದೆ. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಜ್ವರದ ಪರೀಕ್ಷೆಗಳ ದೊಡ್ಡ ಕಟ್ಟನ್ನೇ ಮಾಡಿಸಿ ತರುವುದರಿಂದ ಹಣವೂ ಹೋಗುತ್ತದೆ, ದಾರಿಯೂ ತಪ್ಪುತ್ತದೆ. ಸುಳ್ಳು ಲೈಮ್ ಚೀಟಿಯೊಂದನ್ನು ನಂಬಿ ಕ್ಷಯದ ಚಿಕಿತ್ಸೆ ತಡವಾದರೆ ಅದರ ಬೆಲೆಯನ್ನು ಮಗು ತೆರಬೇಕಾಗುತ್ತದೆ.

ಅಮೆರಿಕದಲ್ಲಿ ಲೈಮ್ ರೋಗ ಹೆಚ್ಚಾಗಿರುವ ಪ್ರದೇಶಗಳ ವೈದ್ಯರು ಏಳರ ಸೂತ್ರವೆಂಬ ಒಂದು ಸರಳ ಕ್ರಮವನ್ನು ರೂಪಿಸಿದ್ದಾರೆ. ತಲೆನೋವು ಏಳು ದಿನಕ್ಕಿಂತ ಕಡಿಮೆಯಿದ್ದು, ಬೆನ್ನಿನ ನೀರಿನ ಬಿಳಿಕಣಗಳಲ್ಲಿ ಲಿಂಫೊಸೈಟ್ ಮೊದಲಾದ ಒಂಟಿಬೀಜದ ಕಣಗಳು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಿದ್ದು, ಏಳನೆಯ ಕಪಾಲನರವಾದ ಮುಖನರಕ್ಕೆ ಬಲಹೀನತೆ ಬಂದಿಲ್ಲವಾದರೆ, ಆ ಮಗುವಿಗೆ ಲೈಮ್ ಮೆನಿಂಜೈಟಿಸ್ ಇರುವ ಸಂಭವ ಬಹಳ ಕಡಿಮೆ ಎಂಬುದು ಅದರ ಸಾರ. ಪ್ರತಿಕಾಯದ ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಾದಾಗ ಅಲ್ಲಿನವರಿಗೆ ಇದು ನೆರವಾಗುತ್ತದೆ. ಕ್ಷಯವೂ ಮಂಗನ ಕಾಯಿಲೆಯೂ ಇರುವ ನಮ್ಮ ನಾಡಿಗೆ ಇದನ್ನು ಹಾಗೆಯೇ ತಂದು ಹಚ್ಚಲಾಗದು. ಆದರೆ ಅದರಿಂದ ಮನೆಯವರು ಕಲಿಯಬೇಕಾದುದು ಇದೆ. ತಲೆನೋವು ಎಂದಿನಿಂದ, ಮಗು ನಕ್ಕಾಗ ಬಾಯಿ ಒಂದು ಕಡೆಗೆ ಎಳೆಯುತ್ತದೆಯೇ, ಮಲಗಿದಾಗ ಒಂದು ಕಣ್ಣು ಮುಚ್ಚದೆ ಉಳಿಯುತ್ತದೆಯೇ ಎಂಬ ಸಂಗತಿಗಳನ್ನು ಗಮನಿಸಲು ಯಾವ ಯಂತ್ರವೂ ಬೇಡ. ಬಾಯಿ ಸೊಟ್ಟಗಾದರೆ ಗಾಳಿ ಹೊಡೆದಿದೆಯೆಂದು ಎಣ್ಣೆ ಹಚ್ಚಿ ಕೂರದೆ ವೈದ್ಯರಿಗೆ ತೋರಿಸಬೇಕು.

ನೆರೆಹೊರೆಯ ರೋಗಗಳು

ಕಾಡಂಚಿನ ಮಗುವಿನ ಜ್ವರದಲ್ಲಿ ಇನ್ನೆರಡನ್ನು ಮರೆಯಬಾರದು. ಒಂದು, ಮೇಲೆ ಹೇಳಿದ ಮಂಗನ ಕಾಯಿಲೆ. ಇದಕ್ಕೆ ಮೊದಲ ದಿನಗಳಲ್ಲಿ ರಕ್ತದ ಪಿ.ಸಿ.ಆರ್. ಪರೀಕ್ಷೆ, ದಿನ ಕಳೆದಂತೆ ಐಜಿಎಂ ಪರೀಕ್ಷೆ ನೆರವಾಗುತ್ತದೆ. ಆದುದರಿಂದ ಜ್ವರ ಬಂದ ದಿನವನ್ನು ಸರಿಯಾಗಿ ಹೇಳುವುದು ಅಗತ್ಯ. ಇನ್ನೊಂದು ಸ್ಕ್ರಬ್ ಟೈಫಸ್. ಇದು ಉಣ್ಣಿಯಿಂದಲ್ಲ, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳಿಂದ ಬರುತ್ತದೆ. ಕಡಿದ ಜಾಗದಲ್ಲಿ ಸುಟ್ಟ ಗಾಯದಂತಹ ಕಪ್ಪು ಹಕ್ಕಳೆ ಇರುವುದುಂಟು, ನೋವಿಲ್ಲದುದರಿಂದ ಮಗು ಹೇಳುವುದಿಲ್ಲ. ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ, ಉಡಿದಾರದ ಜಾಗಗಳನ್ನು ತಾಯಿಯೇ ಬೆಳಕಿನಲ್ಲಿ ನೋಡಬೇಕು. ಈ ಒಂದು ಹಕ್ಕಳೆ ಎಷ್ಟೋ ಪರೀಕ್ಷೆಗಳಿಗಿಂತ ಬೇಗ ಉತ್ತರ ಕೊಡುತ್ತದೆ. ಲೈಮ್ ರೋಗಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಅಥವಾ ಡಾಕ್ಸಿಸೈಕ್ಲಿನ್ ಔಷಧಿಯನ್ನು ಎರಡು ಮೂರು ವಾರ ಕೊಡುತ್ತಾರೆ. ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್ ಒಳ್ಳೆಯ ಔಷಧಿ. ಯಾವುದನ್ನು ಎಂದು ಕೊಡಬೇಕೆಂಬುದು ವೈದ್ಯರ ವಿವೇಕಕ್ಕೆ ಬಿಟ್ಟದ್ದು. ಅಪಾಯದ ಲಕ್ಷಣವಿದ್ದರೆ ಅವರು ಫಲಿತಾಂಶಕ್ಕೆ ಕಾಯದೆ ಮೊದಲ ಮದ್ದನ್ನು ಕೊಟ್ಟುಬಿಡುತ್ತಾರೆ. ಅದು ಸರಿಯಾದ ಕ್ರಮವೇ.

ಮನೆಯವರು ಮಾಡಬೇಕಾದುದು

ಉಣ್ಣಿ ಕಚ್ಚಿದ್ದು ಕಂಡರೆ ಸೀಮೆಎಣ್ಣೆ, ಸುಣ್ಣ, ಉರಿಯುವ ಬೀಡಿ ಯಾವುದನ್ನೂ ತಾಗಿಸಬಾರದು. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆದು, ಸೋಪಿನಿಂದ ತೊಳೆಯಬೇಕು. ಗೋಡೆಯ ಪಂಚಾಂಗದಲ್ಲಿ ಆ ದಿನದ ಮುಂದೆ ಮಗುವಿನ ಹೆಸರು ಬರೆದು ಉಣ್ಣಿ ಎಂದು ಗುರುತು ಹಾಕಬೇಕು. ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂತೆ ಹರಡುತ್ತ ಹೋದರೆ ತಡಮಾಡದೆ ತೋರಿಸಬೇಕು. ನಮ್ಮ ಶ್ಯಾಮಲ ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಾಣದು, ಹಗಲು ಬೆಳಕಿನಲ್ಲಿ ನೋಡಬೇಕು. ಕಾಡಿನ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಕುಟುಂಬಗಳು ಮಕ್ಕಳಿಗೆ ಮೈತುಂಬ ಬಟ್ಟೆ ತೊಡಿಸಿ, ಮರಳಿ ಬಂದ ದಿನವೇ ಬಿಸಿನೀರಿನ ಸ್ನಾನ ಮಾಡಿಸಿ ಮೈಯೆಲ್ಲ ನೋಡುವುದು ಒಳ್ಳೆಯದು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕೂಸುಗಳಿಗೆ ಬಿ.ಸಿ.ಜಿ., ಪೆಂಟಾವೇಲೆಂಟ್, ನ್ಯೂಮೋಕಾಕಸ್ ಲಸಿಕೆಗಳನ್ನು ತಪ್ಪದೆ ಹಾಕಿಸಿದರೆ ಮೆನಿಂಜೈಟಿಸ್‌ನ ಅತಿ ಘೋರವಾದ ಕಾರಣಗಳಲ್ಲಿ ಹಲವನ್ನು ಮನೆಯ ಹೊಸ್ತಿಲಲ್ಲಿಯೇ ತಡೆದಂತೆ.

ಕತ್ತು ಬಿಗಿದ, ಮಂಕಾದ, ಫಿಟ್ಸ್ ಬಂದ ಮಗುವನ್ನು ಸಣ್ಣ ಕ್ಲಿನಿಕ್ಕುಗಳಲ್ಲಿ ಸುತ್ತಾಡಿಸದೆ ನೇರವಾಗಿ ಜಿಲ್ಲಾ ಆಸ್ಪತ್ರೆಗೋ, ವೈದ್ಯರು ಹೇಳಿದರೆ ಮೈಸೂರಿಗೋ ಕೊಂಡೊಯ್ಯಬೇಕು. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರು ಸುಮಾರು ಅರವತ್ತು ಕಿಲೋಮೀಟರ್. ಆ ದಾರಿಗಿಂತ ಹೆಚ್ಚು ಹೊತ್ತು ಕಳೆಯುವುದು ಮನೆಯ ಅಂಗಳದ ಸಮಾಲೋಚನೆಯಲ್ಲಿ. ಹೋಗುವಾಗ ಒಂದು ಕಾಗದದಲ್ಲಿ ಐದು ಮಾತು ಬರೆದೊಯ್ಯಿರಿ: ಜ್ವರ ಬಂದ ದಿನ, ತಲೆನೋವು ಆರಂಭವಾದ ದಿನ, ಕಳೆದ ಎರಡು ತಿಂಗಳಲ್ಲಿ ಮಗು ಕಾಡು, ದೊಡ್ಡಿ, ಹೊಲಗಳಲ್ಲಿ ಓಡಾಡಿದ್ದು ಮತ್ತು ಉಣ್ಣಿ ಕಂಡದ್ದು, ಈಗಾಗಲೇ ಕೊಟ್ಟ ಔಷಧಿ ಮತ್ತು ಚುಚ್ಚುಮದ್ದು, ಮನೆಯಲ್ಲಿ ಅಥವಾ ನೆರೆಯಲ್ಲಿ ಕ್ಷಯ ಬಂದವರು. ಮೊದಲೇ ಕೊಟ್ಟ ಚುಚ್ಚುಮದ್ದನ್ನು ಬೈಸಿಕೊಳ್ಳುವ ಭಯದಿಂದ ಮುಚ್ಚಿಡಬೇಡಿ. ಅದು ಬೆನ್ನಿನ ನೀರಿನಲ್ಲಿ ರೋಗಾಣುವಿನ ಗುರುತನ್ನೇ ಮರೆಸಿಬಿಡಬಲ್ಲದು.

ಪ್ರಯೋಗಾಲಯ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕೆಂದು ವೈದ್ಯರಿಗೆ ತಿಳಿಯುವುದು ಮ��ೆಯವರ ಮಾತಿನಿಂದ. ಉತ್ತರ ಸಿಗುವುದು ಬೆನ್ನಿನ ನೀರು ತೆಗೆಯಲು ಮನೆಯವರು ಕೊಡುವ ಒಪ್ಪಿಗೆಯಿಂದ. ಈ ಎರಡೂ ತಂದೆತಾಯಿಗಳ ಕೈಯಲ್ಲಿಯೇ ಇವೆ. ಬಂಧುಗಳು ಈ ಮಾತನ್ನು ತಮ್ಮ ಮನೆಯ ಹಿರಿಯರಿಗೂ, ದನ ಕಾಯುವ ಮಕ್ಕಳ ತಾಯಂದಿರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.